ಅವ್ವ ದೇವರ ಮುಂದೆ ಅತ್ತ ಭಾನುವಾರ

ನನ್ನ ತಂಗಿ ತೀರಿಕೊಂಡಾಗ ಅವ್ವ ಅಳಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಬಂದ ಡೆಂಗಿ ಜ್ವರ. ಹಾವೇರಿಯ ಆಸ್ಪತ್ರೆಯಲ್ಲಿ ನಾಲ್ಕು ದಿನ ಇದ್ದಳು. ಐದನೆಯ ಬೆಳಗ್ಗೆ, ಕಿಟಕಿಯ ಬಿಸಿಲು ಇನ್ನೂ ಅವಳ ಕಾಲ ಮೇಲೆ ಇದ್ದಾಗಲೇ, ಹೋದಳು. ಇಪ್ಪತ್ತೆರಡು ವರ್ಷ. ಬ್ಯಾಡಗಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತಿದ್ದಳು. ಭಾನುವಾರ ರಾಣೆಬೆನ್ನೂರಿನ ನಮ್ಮ ಸಣ್ಣ ಚರ್ಚಿನಲ್ಲಿ ಎಲ್ಲರಿಗಿಂತ ಮೊದಲು ಹಾಡು ಎತ್ತುತ್ತಿದ್ದಳು. ಆಮೇಲಿನ ದಿನಗಳು ನೀರಿನೊಳಗಿಂದ ನೋಡಿದ ಹಾಗೆ ನನಗೆ ನೆನಪಿವೆ. ಜನ ಬಂದರು, ಕೂತರು, ತುಟಿ ಆಡಿಸಿದರು. ದನಿ ಮಾತ್ರ ಎಲ್ಲೋ ದೂರದಿಂದ, ತಡವಾಗಿ ಬಂದು ಮುಟ್ಟುತ್ತಿತ್ತು.

ಅವ್ವನ ತವರು ಹಲಗೇರಿ. ಅವಳ ತಾಯಿ, ಅಂದರೆ ನಮ್ಮ ಆಯಿ, ಊರಿನಲ್ಲಿ ಯಾರ ಮನೆಯಲ್ಲಿ ಸಾವಾದರೂ ಹಾಡಿಕೊಂಡು ಅಳುವವಳು. ಸತ್ತವರ ಗುಣ, ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸ, ದೇವರು ಮಾಡಿದ ಅನ್ಯಾಯ, ಎಲ್ಲವನ್ನೂ ರಾಗದಲ್ಲಿ ಹೇಳಿ ಹೇಳಿ ಅಳುತ್ತಿದ್ದಳಂತೆ. ಅಪ್ಪನನ್ನು ಮದುವೆಯಾಗಿ ಅವ್ವ ಕ್ರೈಸ್ತಳಾದಾಗ ಆ ಅಳು ತವರಿನಲ್ಲೇ ಉಳಿಯಿತು. ನಾವು ಸತ್ತವರು ಎದ್ದುಬರುವ ನಿರೀಕ್ಷೆ ಇರುವ ಮಂದಿ, ಬಾಯಿ ಬಿಟ್ಟು ಅಳಬಾರದು ಎಂದು ಚರ್ಚಿನ ಹಿರಿಯರು ಹೇಳಿಕೊಟ್ಟಿದ್ದರು. ಅಪ್ಪ ತೀರಿಕೊಂಡಾಗಲೂ ಅವಳು ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದಳು.

ತಂಗಿಯನ್ನು ಮಣ್ಣು ಮಾಡಿ ಬಂದ ದಿನ ಚರ್ಚಿನ ಹಿರಿಯಾಕೆಯೊಬ್ಬರು ಅವ್ವನ ಕೈ ಹಿಡಿದರು. "ದೇವರ ಚಿತ್ತ ಅವ್ವಾ. ಸ್ತೋತ್ರ ಹೇಳು, ಮನಸ್ಸು ಹಗುರ ಆಗತೈತಿ."

"ಹೂಂ," ಎಂದಳು ಅವ್ವ. ಸ್ತೋತ್ರ ಹೇಳಲಿಲ್ಲ. ಅಂದಿನಿಂದ ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆಯೂ ನಿಂತುಹೋಯಿತು.

ಚಳಿ ಬಂತು. ಬ್ಯಾಡಗಿಗೆ ಮೆಣಸಿನಕಾಯಿ ಬರುವ ಕಾಲ. ಓಣಿಯ ಗಾಳಿಗೇ ಖಾರ ಹತ್ತಿ, ಬಸ್ಸಿಳಿದವರು ಮೊದಲು ಸೀನಿ ಆಮೇಲೆ ದಾರಿ ಕೇಳುತ್ತಾರೆ. ಅವ್ವ ಪ್ರತಿ ವರ್ಷದಂತೆ ಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋದಳು. ನಾನು ರಾಣೆಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಒದ್ದೆ ಕಾಗದದ ಮೇಲೆ ಮೊಳಕೆ ಬಂದ ಕಾಳುಗಳನ್ನು ನೋಡಿ ಬರೆದಿಡುವ ಕೆಲಸದಲ್ಲಿದ್ದೆ. ಒಂದು ರಜೆಯ ದಿನ ಅವ್ವನಿಗೆ ಬುತ್ತಿ ಒಯ್ದೆ.

ಷೆಡ್ಡಿನೊಳಗೆ ನೆಲವೇ ಕಾಣದಷ್ಟು ಕೆಂಪು. ತಗಡಿನ ಸಂದಿಯಿಂದ ಬಿದ್ದ ಬೆಳಕಿನ ಕೋಲುಗಳಲ್ಲಿ ಖಾರದ ಧೂಳು ನಿಧಾನವಾಗಿ ಏಳುತ್ತಿತ್ತು. ಹೆಂಗಸರು ಬಾಯಿಗೆ ಬಟ್ಟೆ ಕಟ್ಟಿಕೊಂಡು ಸಾಲಾಗಿ ಕೂತಿದ್ದರು. ಅವ್ವನ ಕಣ್ಣಿಂದ ನೀರು ಧಾರಾಕಾರ ಹರಿಯುತ್ತಿತ್ತು. ನಾನು ಅದು ಖಾರದ ನೀರು ಎಂದುಕೊಂಡೆ. ಪಕ್ಕದಲ್ಲಿದ್ದ ಮುದುಕಿ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು: "ನಮ್ಮ ಕಣ್ಣಾಗ ನೀರು ಅದಾವೇನ ನೋಡು. ದಿನಾ ಕಾಯಿ ಹಿಡಿಯೋರಿಗೆ ಕಣ್ಣು ಉರಿಯೂದಿಲ್ಲ ಯವ್ವಾ. ನಿಮ್ಮವ್ವಂದು ಬ್ಯಾರೆ ನೀರು."

ಸಂಜೆ ಮನೆಗೆ ನಡೆಯುವಾಗ ಕೇಳಿದೆ. "ಅವ್ವಾ, ಮನ್ಯಾಗ ಯಾಕ ಅಳೂದಿಲ್ಲ ನೀ?"

"ಮನ್ಯಾಗ ದೇವರು ಅದಾನಲ್ಲ."

"ಅಲ್ಲಿ ಇಲ್ಲೇನು?"

ಅವಳು ಸೆರಗಿಗೆ ಹತ್ತಿದ ಖಾರದ ಧೂಳು ಕೊಡವಿದಳು. "ಅಲ್ಲೂ ಇರಬೇಕು. ಅಷ್ಟು ಮಂದಿ ಕೆಮ್ಮಿನಾಗ ಅವಗ ಕೇಳಸೂದಿಲ್ಲ ಅಂದಕೊಂಡೆ."

ಅದರ ಮುಂದಿನ ಭಾನುವಾರ ಚರ್ಚಿನಲ್ಲಿ, ಸಭಾಪಾಲಕರು ಎಂದಿನಂತೆ, ದೇವರಿಗೆ ಉಪಕಾರಸ್ತುತಿ ಹೇಳುವವರು ಎದ್ದು ಹೇಳಬಹುದು ಎಂದರು. ಒಬ್ಬರು ಮಗಳಿಗೆ ಗಂಡು ಗೊತ್ತಾದದ್ದಕ್ಕೆ ಹೇಳಿದರು, ಇನ್ನೊಬ್ಬರು ಕಾಲು ನೋವು ಹೋದದ್ದಕ್ಕೆ. ಆಮೇಲೆ ಅವ್ವ ಎದ್ದಳು. ಬಾಯಿ ತೆರೆದಾಗ ಬಂದದ್ದು ಮಾತಲ್ಲ. ನಾನು ಒಮ್ಮೆಯೂ ಕೇಳಿರದ, ಆದರೂ ಹುಟ್ಟುವ ಮೊದಲೇ ಕೇಳಿದ್ದೆ ಅನ್ನಿಸಿದ ಒಂದು ರಾಗ.

"ಹಾಡೋರು ಇರಲಿಲ್ಲೇನೋ ನಿನ್ನ ಮನ್ಯಾಗ, ನಮ್ಮಪ್ಪಾ, ನನ್ನ ಮನಿ ಹಾಡಾಕೀನ ಕರಕೊಂಡ್ಯಲ್ಲಾ. ಇಪ್ಪತ್ತೆರಡು ವರ್ಷ ತೆಲಿ ಬಾಚಿದ ಕೈ ಇವು, ನಮ್ಮಪ್ಪಾ, ಈ ಕೈಗೆ ಇನ್ನ ಏನು ಕೆಲಸಾ ಕೊಡತಿ ಹೇಳು. ನೀನೂ ಮಗನ್ನ ಮಣ್ಣಿಗೆ ಕೊಟ್ಟಾಂವ, ನಮ್ಮಪ್ಪಾ, ಗೊತ್ತಿದ್ದೂ ಯಾಕ ಸುಮ್ಮನ ಕುಂತಿ."

ಆ ಹಿರಿಯಾಕೆ ಅವ್ವನ ಸೆರಗು ಹಿಡಿದು ಕೂರಿಸಲು ನೋಡಿದರು. ಸಭಾಪಾಲಕರು ಕೈ ಎತ್ತಿದರು. "ಬಿಡ್ರಿ. ಮುಗಸಲಿ ಅವ್ವಾರು." ಎಂದು ಹೇಳಿ, ಮೇಜಿನ ಹಿಂದಿನಿಂದ ಇಳಿದು ಬಂದು ಚಾಪೆಯ ಮೇಲೆ ನಮ್ಮ ಜೊತೆ ಕೂತರು. ಅವ್ವ ಎಷ್ಟು ಹೊತ್ತು ಅತ್ತಳೋ ನನಗೆ ಗೊತ್ತಿಲ್ಲ. ಫ್ಯಾನು ತಿರುಗುತ್ತಿತ್ತು, ಹೊರಗೆ ರೈಲೊಂದು ಬಂದು, ನಿಂತು, ಹೋಯಿತು. ನನ್ನ ಮೈಯೆಲ್ಲ ಹಗುರಾಗಿ, ಎಲ್ಲಿ ಕೂತಿದ್ದೇನೆ ಎಂಬುದೇ ಮರೆತಿತ್ತು.

ಅವಳು ಕೂತ ಮೇಲೆ ಸಭಾಪಾಲಕರು ಬರೆದುಕೊಂಡು ಬಂದಿದ್ದ ಉಪದೇಶದ ಹಾಳೆ ಮಡಚಿ ಕಿಸೆಗಿಟ್ಟರು. "ಸತ್ಯವೇದದಾಗ ಹಿಂಗ ಅತ್ತವರು ಬಾಳ ಮಂದಿ ಅದಾರ," ಎಂದರು. "ದೇವರಿಗೆ ಎದುರು ನಿಂತು ಯಾಕ ಅಂತ ಕೇಳಿದವರು. ಯೇಸುಸ್ವಾಮಿನೂ ಶಿಲುಬಿ ಮ್ಯಾಲೆ ಯಾಕ ಅಂತನ ಕೇಳಿದಾ. ನಾನು ಅವನ್ನೆಲ್ಲಾ ಮದಲ ಓದತಿದ್ದೆ, ಆಮ್ಯಾಲೆ ಬಿಟ್ಟಬಿಟ್ಟೆ. ನೀವು ಅಂಜತೀರಿ ಅಂತಲ್ಲ. ನಾನ ಅಂಜತಿದ್ದೆ." ಅಂಥದೊಂದು ಹಳೆಯ ಕೀರ್ತನೆ ಓದಿದರು, ರಾಗವಿಲ್ಲದೆ, ಪತ್ರ ಓದಿದ ಹಾಗೆ. ಅರ್ಧ ಓದುವಷ್ಟರಲ್ಲಿ ಸೆರಗು ಹಿಡಿದಿದ್ದ ಆ ಹಿರಿಯಾಕೆಯೇ ಬಿಕ್ಕತೊಡಗಿದರು. ಬಹಳ ವರ್ಷಗಳ ಹಿಂದೆ ಅವರಿಗೊಬ್ಬ ಮಗ ಇದ್ದನೆಂದು ನನಗೆ ಗೊತ್ತಾದದ್ದು ಆವತ್ತು.

ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಸಭಾಪಾಲಕರು ಅವ್ವನನ್ನು ಕೇಳಿದರು. "ಉತ್ತರಾ ಸಿಕ್ಕತೇನ್ರಿ ಅವ್ವಾರ?"

"ಇಲ್ರಿ ಅಯ್ಯಾರ. ಆದ್ರ ಎದ್ದು ಹೋಗಲಿಲ್ಲ ಆಂವಾ. ಕುಂತು ಕೇಳಿದಾ."

ಅಂದು ಮಧ್ಯಾಹ್ನ ಮನೆಯಲ್ಲಿ ರೊಟ್ಟಿ ಮುರಿಯುವ ಮುಂಚೆ ಅವ್ವ ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥಿಸಿದಳು. ಅದರಲ್ಲೊಂದು ದೂರೇ ಆಗಿತ್ತು. ಈಗಲೂ ಹಾಗೆಯೇ; ಉಪಕಾರ ಹೇಳಬೇಕಾದ್ದನ್ನು ಹೇಳುತ್ತಾಳೆ, ಜಗಳ ಆಡಬೇಕಾದ್ದನ್ನು ಆಡುತ್ತಾಳೆ.

ನನಗೆ ಮಾತ್ರ ಇನ್ನೂ ಅಳು ಬಂದಿರಲಿಲ್ಲ, ಪ್ರಾರ್ಥನೆಯೂ ಬಂದಿರಲಿಲ್ಲ. ಕೆಲವು ವಾರಗಳ ಮೇಲೆ ಒಂದು ಸಂಜೆ ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಕದರಮಂಡಲಗಿಯಲ್ಲಿ ಹನುಮಪ್ಪನಿಗೆ ಕಾಯಿ ಒಡೆಸಿಕೊಂಡು ಬಂದ ಹೆಂಗಸೊಬ್ಬಳು ಹತ್ತಿ ನನ್ನ ಪಕ್ಕ ಕೂತಳು. ಹೊರಗೆ ಹೊಲಗಳ ಮೇಲೆ ಹಳದಿ ಬೆಳಕು. ಯಾವ ಕಾರಣವೂ ಇಲ್ಲದೆ ನನ್ನೊಳಗಿಂದ ಒಂದೇ ಒಂದು ಮಾತು ಎದ್ದಿತು: ಯಾಕ. ಅದನ್ನೇ ದೇವರಿಗೆ ಹೇಳಿದೆ. ಮತ್ತೆ ಹೇಳಿದೆ. ಆಮೇಲೆ ಕಿಟಕಿ ಕಾಣಲಿಲ್ಲ.

"ಯಾರು ಹೋದರವಾ?" ಪಕ್ಕದಾಕೆ ಕೇಳಿದಳು.

"ತಂಗಿ."

ಅವಳು ತನ್ನ ಚೀಲ ಸರಿಸಿ, ನನ್ನ ಹತ್ತಿರಕ್ಕೆ ಜರುಗಿ ಕೂತಳು. "ಅಳು," ಎಂದಳು. "ಊರು ಬರಾಕ ಇನ್ನೂ ಹೊತ್ತೈತಿ."