ಇನ್ನೊಂದಣ್ಣನ ಕೊನೆಯ ಎಸೆತ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕ್ರೀಡಾಂಗಣದ ಹಿಂಬದಿಯ ನೆಟ್ಸಿನ ಬಲೆಯಲ್ಲಿ ಇಬ್ಬನಿ ಮಣಿಗಟ್ಟಿದೆ. ಪ್ರಾಂತ್ಯದ ತಂಡದ ಕ್ಯಾಪ್ಟನ್ ಪ್ಯಾಡು ಕಟ್ಟಿಕೊಂಡು ಬರುವಷ್ಟರಲ್ಲಿ ಇವರು ಬಕೆಟ್ಟಿನ ಚೆಂಡುಗಳನ್ನೆಲ್ಲ ಒರೆಸಿ ಮುಗಿಸಿದ್ದಾರೆ. ಕೈಯಲ್ಲಿ ಉದ್ದ ಹಿಡಿಯ ಪ್ಲಾಸ್ಟಿಕ್ ಕೋಲು, ಅದರ ತುದಿಗೆ ಚೆಂಡು ಕಚ್ಚಿಕೊಳ್ಳುವ ಸೌಟು. ಬೀಸಿದರೆ ವೇಗದ ಬೌಲರನ ಎಸೆತದಷ್ಟೇ ಜೋರು.

"ಅಣ್ಣಾ, ಇನ್ನೊಂದು."

ಬೀಸುತ್ತಾರೆ. ಬ್ಯಾಟಿನ ಸದ್ದು ಖಾಲಿ ಗ್ಯಾಲರಿಗೆ ತಾಗಿ ಮರಳುತ್ತದೆ.

"ಇನ್ನೊಂದು."

ತಂಡದಲ್ಲಿ ಇವರಿಗೆ ಇನ್ನೊಂದಣ್ಣ ಎಂದೇ ಹೆಸರು. ದೇಶಿ ಟೂರ್ನಿ ನಡೆಯುವ ತಿಂಗಳುಗಳಲ್ಲಿ ಬ್ಯಾಟ್ಸ್‌ಮನ್‌ಗಳಿಗೆ ಅಭ್ಯಾಸದ ಚೆಂಡೆಸೆಯುವುದು ಇವರ ಕೆಲಸ, ದಿನಕ್ಕೆ ಐನೂರಕ್ಕೆ ಕಡಿಮೆಯಿಲ್ಲ. ನೆಟ್ಸಿನಲ್ಲಿ ಔಟ್ ಎಂಬ ಮಾತೇ ಇಲ್ಲ. ಸ್ಟಂಪು ಉರುಳಿದರೆ ಬ್ಯಾಟ್ಸ್‌ಮನ್ ಅದನ್ನು ನೆಟ್ಟಗೆ ನಿಲ್ಲಿಸಿ ಮತ್ತೆ ಅದೇ ಮಾತು ಹೇಳುತ್ತಾನೆ. ಪಂದ್ಯದ ಹಿಂದಿನ ದಿನವಂತೂ ಕೊನೆಯ ಚೆಂಡು ಬ್ಯಾಟಿನ ನಟ್ಟನಡುವೆ ಬಡಿಯಲೇಬೇಕು, ಅದು ತಂಡದ ನಂಬಿಕೆ. ಆ ಸುಲಭದ ಎಸೆತಕ್ಕೆ ಇಲ್ಲಿ 'ಹೂವು' ಅನ್ನುತ್ತಾರೆ.

ಹರೆಯದಲ್ಲಿ ಇವರೇ ಬೌಲರು. ನೆಲ ಮುಟ್ಟಿ ಒಳಕ್ಕೆ ನುಗ್ಗುವ ಚೆಂಡು ಇವರದು. ಇದೇ ತಂಡದಲ್ಲಿ ಹನ್ನೆರಡನೆಯವರಾಗಿ ಒಂದು ಇಡೀ ಋತು ಮೈದಾನಕ್ಕೆ ನೀರಿನ ಬಾಟಲಿ ಹೊತ್ತರು. ಆಡುವ ಹನ್ನೊಂದರಲ್ಲಿ ಜಾಗ ಸಿಗುವ ಮೊದಲೇ ಬಲಭುಜ ಕೆಟ್ಟಿತು. "ಭುಜಾನೇ ಕೈ ಕೊಡ್ತು ನೋಡಿ," ಎಂದು ನಗುತ್ತಾರೆ. ತೋಳು ಕಿವಿಯ ಮಟ್ಟಕ್ಕೂ ಏಳುವುದಿಲ್ಲ. ಕೋಲಾದರೆ ಓರೆಯಾಗಿ ಬೀಸಿದರೂ ನಡೆಯುತ್ತದೆ.

ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳ ಮನೆಯಲ್ಲಿ ಹೆಂಡತಿಯೇ ಶರ್ಟಿನ ಬಲತೋಳು ತೊಡಿಸಿ ತಲೆ ಬಾಚಬೇಕು. "ಕಂಡೋರ ಮಕ್ಕಳಿಗೆ ದಿನವಿಡೀ ಬೀಸ್ತಾರೆ. ಮನೇಲಿ ಬೀರು ಮೇಲಿನ ಡಬ್ಬಿ ಇಳಿಸಿ ಅಂದ್ರೆ ಸ್ಟೂಲು ಹುಡುಕ್ತಾರೆ," ಎನ್ನುತ್ತಾರೆ ಆಕೆ. ಮತ್ತೆ ದನಿ ತಗ್ಗಿಸಿ, "ನಿದ್ದೇಲಿ ಗೋಡೆ ಕಡೆ ತಿರುಗಿ ಅಪೀಲು ಮಾಡ್ತಾರೆ. ನಾನೇ ಔಟ್ ಕೊಟ್ಟು ಮಲಗಿಸ್ತೀನಿ."

ಮುಂದಿನ ಋತುವಿಗೆ ಚೆಂಡೆಸೆಯುವ ಯಂತ್ರ ಬರಲಿದೆ. ನಾಳೆಯ ಸೆಮಿಫೈನಲ್ ಸೋತರೆ ಇವರ ಕೆಲಸವೂ ಇಲ್ಲಿಗೇ ಮುಗಿಯುತ್ತದೆ. ಅದರ ಬಗ್ಗೆ ಕೇಳಿದರೆ ಚೆಂಡಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಾರೆ.

"ಯಂತ್ರ ಬರ್ಲಿ ಬಿಡಿ. ಒಬ್ಬ ಬ್ಯಾಟ್ಸ್‌ಮನ್, ಒಂದೇ ಒಂದು ಸಲ, ನನ್ನ ಚೆಂಡಿಗೆ ಔಟಾಗಿ ನಡ್ಕೊಂಡು ಹೋಗಿದ್ರೆ ಸಾಕಿತ್ತು."

ಬಕೆಟ್ ಬರಿದಾಗಿದೆ. "ಕೊನೇದು ಕ್ಯಾಪ್ಟನ್ರೇ. ಹೂವು ತಾನೆ?"

"ಹೂವು ಬೇಡಣ್ಣ. ನಿಮ್ದೇ ಹಾಕಿ."

ಪಕ್ಕದ ನೆಟ್ಸಿನಿಂದ ವಿಕೆಟ್‌ಕೀಪರ್ ಕೂಗುತ್ತಾನೆ, "ನಾಳೆ ಮ್ಯಾಚಿದೆ, ಅಪಶಕುನ ಮಾಡ್ಕೋಬೇಡಿ!"

"ಹೋದ ಮ್ಯಾಚಲ್ಲಿ ನೀನು ಕ್ಯಾಚ್ ಬಿಟ್ಟೆಯಲ್ಲ, ಅದಕ್ಯಾವ ಶಕುನ ಅಡ್ಡ ಬಂದಿತ್ತೋ?" ಎನ್ನುತ್ತಾರೆ ಕ್ಯಾಪ್ಟನ್.

ಇವರು ನಗುವುದಿಲ್ಲ. ಚೆಂಡನ್ನು ಮತ್ತೊಮ್ಮೆ ಒರೆಸಿ ಬೀಸುತ್ತಾರೆ. ಅದು ನೆಲ ಮುಟ್ಟಿ ಒಳಕ್ಕೆ ನುಗ್ಗುತ್ತದೆ. ಬ್ಯಾಟು ತುಸು ತಡವಾಗಿ ಇಳಿಯುತ್ತದೆ. ನಡುವಿನ ಸ್ಟಂಪು ಮಲಗುತ್ತದೆ.

'ಇನ್ನೊಂದು' ಎಂಬ ಆ ಮಾತಿಗೆ ಇವರು ಕಾಯುತ್ತಾರೆ. ಮಾತು ಬರುವುದಿಲ್ಲ. ಕ್ಯಾಪ್ಟನ್ ಬ್ಯಾಟನ್ನು ಕಂಕುಳಲ್ಲಿ ಸಿಕ್ಕಿಸಿ, ಗ್ಲೌಸು ಬಿಚ್ಚುತ್ತ, ತಲೆ ತಗ್ಗಿಸಿ ಪೆವಿಲಿಯನ್ನಿನ ಕಡೆ ನಡೆಯುತ್ತಾರೆ, ಪಂದ್ಯದಲ್ಲಿ ಔಟಾದವರು ನಡೆಯುವ ಹಾಗೇ. ಒಮ್ಮೆಯೂ ತಿರುಗಿ ನೋಡುವುದಿಲ್ಲ. ಇವರ ಬಲಗೈ ಮೇಲೇಳಲು ಹೊರಟು ಭುಜದ ಮಟ್ಟದಲ್ಲೇ ನಿಂತುಬಿಡುತ್ತದೆ.

ಆಮೇಲೆ ಚೆಂಡುಗಳನ್ನು ಹೆಕ್ಕುತ್ತಾರೆ, ಬಿದ್ದ ಸ್ಟಂಪನ್ನು ಮಾತ್ರ ಮುಟ್ಟುವುದಿಲ್ಲ. ವಿಕೆಟ್‌ಕೀಪರ್ ಬಲೆಗೆ ಮುಖವೊತ್ತಿ ಪಿಸುಗುಡುತ್ತಾನೆ, "ಕ್ಯಾಪ್ಟನ್‌ಗೆ ಚೆಂಡು ನಿಜವಾಗ್ಲೂ ಸಿಗ್ಲಿಲ್ವಾ, ಬೇಕಂತ್ಲೇ ಬಿಟ್ರಾ? ಕೇಳಣ್ಣಾ."

"ಕೇಳಲ್ಲಪ್ಪ," ಎನ್ನುತ್ತಾರೆ ಇನ್ನೊಂದಣ್ಣ. "ಕೇಳಿದ್ರೆ ಹೇಳಿಬಿಡ್ತಾರೆ."