ಪರಮೇಶಣ್ಣನ ಚೀಟಿ, ನನ್ನ ಕೇಬಲ್ಲು

ಪರಮೇಶಣ್ಣ ಕಾಫಿ ಕುಡಿಯುತ್ತಿರಲಿಲ್ಲ. ಚಮಚದಿಂದ ಸೊರ್ರೆಂದು ಎಳೆದು, ಬಾಯಲ್ಲಿ ಹೊರಳಾಡಿಸಿ, ಉಗಿಯುತ್ತಿದ್ದರು. ಚಿಕ್ಕಮಗಳೂರಿನಲ್ಲಿ ತೋಟದ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಕಾಫಿಯ ರುಚಿ ನೋಡಿ ಗುಣ ಹೇಳುವುದು ಅವರ ಕೆಲಸ. ದೊಡ್ಡ ಎಸ್ಟೇಟಿನ ಧಣಿಗಳೂ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಯಾವ ತೋಟದ ಕಾಫಿಯೆಂದು ಮೊದಲೇ ಹೇಳುವಂತಿರಲಿಲ್ಲ. ಹೆಸರಿನ ಚೀಟಿ ಕಪ್ಪಿನ ಅಡಿಯಲ್ಲಿರುತ್ತಿತ್ತು. ತೀರ್ಪು ಹೇಳಿದ ಮೇಲೆ ತಾವೇ ಕಪ್ಪೆತ್ತಿ ಓದುತ್ತಿದ್ದರು.

"ಹೆಸರು ಗೊತ್ತಾದ್ರೆ ನಾಲಿಗೆ ಸುಳ್ಳು ಹೇಳ್ತದೆ ಮಾರಾಯ" ಎನ್ನುತ್ತಿದ್ದರು.

ಅವರ ಪಕ್ಕದ ಮನೆಯವನಾದ ನನಗೆ ಹಾಡಿನ ಹುಚ್ಚು. ಒಮ್ಮೆ ಅರ್ಧ ತಿಂಗಳ ಸಂಬಳ ಸುರಿದು ಸ್ಪೀಕರಿಗೆ ಹೆಬ್ಬೆರಳು ದಪ್ಪದ ಕೇಬಲ್ ತರಿಸಿದೆ. "ಕೇಳಿ ಪರಮೇಶಣ್ಣ, ತಂಬೂರಿ ಎಷ್ಟು ಬಿಡಿಬಿಡಿಯಾಗಿ ಕೇಳ್ತದೆ!" ಎಂದು ಕರೆದು ಕೂರಿಸಿದೆ. ಅವರು ಹಾಡು ಮುಗಿಯುವವರೆಗೆ ಕೇಳಿ, ಮನೆಗೆ ಹೋಗಿ ಬಲ್ಬಿಗೆ ಹಾಕುವ ಮಾಮೂಲಿ ವೈರು ತಂದರು. ನನ್ನನ್ನು ಗೋಡೆಗೆ ಮುಖಮಾಡಿ ಕೂರಿಸಿದರು. ಒಮ್ಮೆ ಈ ವೈರು, ಒಮ್ಮೆ ಆ ಕೇಬಲ್ಲು ಎಂದು ಹತ್ತು ಸಲ ಅದೇ ಹಾಡು ಹಾಕಿ, ಪ್ರತಿ ಸಲವೂ ಚೀಟಿ ಬರೆದಿಟ್ಟರು. ನಾನು ಹೇಳಿದ್ದರಲ್ಲಿ ಅರ್ಧಕ್ಕರ್ಧ ತಪ್ಪು. "ಇದೇ ನೋಡಿ ದುಬಾರಿಯದು!" ಎಂದು ತೊಡೆ ತಟ್ಟಿದ್ದಂತೂ ಬಲ್ಬಿನ ವೈರಿಗೆ.

"ನಿನ್ನ ಕಿವಿಯದ್ದೇನೂ ತಪ್ಪಿಲ್ಲ. ಕೇಳಿದ್ದು ಕಣ್ಣು" ಎಂದರು. ಮೈಯೆಲ್ಲ ಉರಿಯಿತು. ಒಂದು ವಾರ ಮಾತು ಬಿಟ್ಟಿದ್ದೆ.

ಕೊರೊನಾ ಬಂದಾಗ ಅವರೂ ಮಲಗಿ ಎದ್ದರು. ಎರಡು ತಿಂಗಳ ನಂತರ, ಒಂದು ಭಾನುವಾರ ಬೆಳಿಗ್ಗೆ, ಕಾಫಿಪುಡಿಯ ಎರಡು ಪೊಟ್ಟಣ ಹಿಡಿದು ನಮ್ಮ ಅಡುಗೆಮನೆಗೇ ಬಂದರು.

"ಇದು ಅರೇಬಿಕಾ, ಇದು ರೋಬಸ್ಟಾ. ಎರಡೂ ಮಾಡಿ, ಚೀಟಿ ಇಟ್ಟು ಕೊಡು. ನಂಗೆ ವಾಸನೆ, ರುಚಿ ಎರಡೂ ಹೋದ ಹಾಗಿದೆ. ಕೆಲಸದಲ್ಲಿ ಬೀಜದ ಬಣ್ಣ ನೋಡಿ ಏನೋ ಒಂದು ಹೇಳಿ ಬರ್ತಿದ್ದೀನಿ. ಯಾರಿಗೂ ಗೊತ್ತಿಲ್ಲ."

ಅರೇಬಿಕಾ ನಯ, ರೋಬಸ್ಟಾ ಒರಟು ಕಹಿ; ಆ ಎರಡರ ವ್ಯತ್ಯಾಸ ನನ್ನಂಥವನಿಗೂ ತಿಳಿಯುತ್ತದೆ. ಅವರು ಮತ್ತೆ ಮತ್ತೆ ಎಳೆದರು. ಕೊನೆಗೆ ಎಡಗಡೆಯದನ್ನು ಮುಟ್ಟಿ "ಅರೇಬಿಕಾ" ಎಂದರು. ಅದು ರೋಬಸ್ಟಾ.

ಮೂವತ್ತು ವರ್ಷ ಅನ್ನ ಕೊಟ್ಟ ನಾಲಿಗೆ ಸತ್ತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. "ಸರಿಯಾಗಿ ಹೇಳಿದ್ರಿ" ಎಂದುಬಿಟ್ಟೆ. ಅವರ ಮುಖ ಒಂದು ಗಳಿಗೆ ಅರಳಿತು. ಆಮೇಲೆ, ಅಭ್ಯಾಸಬಲ, ಕಪ್ಪೆತ್ತಿ ಚೀಟಿ ಓದಿದರು.

"ಕೇಬಲ್ಲಿನ ದಿನ ನಾನು ನಿಂಗೆ ಸುಳ್ಳು ಹೇಳಿದ್ನಾ?" ಎಂದಷ್ಟೇ ಕೇಳಿ ಎದ್ದು ಹೋದರು.

ಮರುದಿನ ಅವರಾಗಿಯೇ ಕೆಲಸ ಬಿಟ್ಟರು. ನಮ್ಮ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ನಾನು ಕ್ಷಮೆ ಕೇಳಲು ನಾಳೆ, ನಾಡಿದ್ದು ಎನ್ನುತ್ತಿದ್ದಾಗಲೇ, ಕಳೆದ ವರ್ಷ ತೀರಿಕೊಂಡರು.

ಈಗ ನನ್ನ ಸ್ಪೀಕರಿಗಿರುವುದು ಅವರು ಬಿಟ್ಟುಹೋದ ಬಲ್ಬಿನ ವೈರು. ಹಾಡು ಮೊದಲಿನಂತೆಯೇ ಕೇಳುತ್ತದೆ. ಆ ನಿಜವನ್ನಾದರೂ ಹೇಳೋಣವೆಂದರೆ ಪಕ್ಕದ ಮನೆಗೆ ಬೀಗ ಬಿದ್ದಿದೆ.