ನಾದಿನಿಯ ಅಮೃತಬಳ್ಳಿ

ಕ್ಯಾಪ್ಸೂಲಿನ ಹಾಳೆ ಒಡೆಯುವ ಆ 'ಚಟ್' ಸದ್ದು ಈಗಲೂ ಕಿವಿಯಲ್ಲಿದೆ. ಬೇಗಂಪೇಟೆಯ ನಮ್ಮ ಫ್ಲ್ಯಾಟಿನಲ್ಲಿ ದೇವರ ಮುಂದಿನ ಗಂಟೆ ತಪ್ಪಿದರೂ ಬೆಳಿಗ್ಗೆ, ರಾತ್ರಿ ಆ ಸದ್ದು ತಪ್ಪುತ್ತಿರಲಿಲ್ಲ. ನಾನು ಕೊಟ್ಟ ಕಿಡ್ನಿ ಯಜಮಾನರ ಹೊಟ್ಟೆಯಲ್ಲಿತ್ತು. ಮೈಯೊಳಗಿನ ಕಾವಲುಗಾರರು ಅದನ್ನು ಕಳ್ಳನೆಂದು ತಿಳಿದು ಕೊಲ್ಲಬಾರದು. ಅವರನ್ನು ಮಲಗಿಸಿಡಲು ಆ ಮಾತ್ರೆ, ಲೈಫ್‌ಲಾಂಗ್.

ಕೊರೊನಾ ಬಂದಾಗ ಊರೆಲ್ಲ ಇಮ್ಯುನಿಟಿ, ಇಮ್ಯುನಿಟಿ ಎಂದು ಜಪಿಸುತ್ತಿತ್ತು. ಬಾಲಾನಗರದಲ್ಲಿದ್ದ ಯಜಮಾನರ ತಂಗಿ ಅಮೃತಬಳ್ಳಿಯ ಕಷಾಯ ಕುದಿಸಿ ತಂದಳು.

"ವೈನಿ, ಒಂದು ಗುಟುಕು ಕುಡೀಲಿ ಬಿಡ್ರಿ. ಅಣ್ಣಗ ಶಕ್ತಿ ಬೇಕಲ್ಲ?"

"ಆ ಶಕ್ತಿ ಏಳಬಾರದಂತನ ಗುಳಿಗಿ ಕೊಡಾಕತ್ತೀನಿ. ಎದ್ದರ ನನ್ನ ಕಿಡ್ನೀನ ತಿಂತೈತಿ. ಡಾಕ್ಟರ್ ಸ್ಟ್ರಿಕ್ಟಾಗಿ ಬ್ಯಾಡಂದಾರ."

"ಕಾನ್ವೆಂಟ್ ಕಲತವ್ರಿಗೆ ಬಳ್ಳಿ, ಬೇರು ಎಲ್ಲಾ ವಿಷಾನ ಬಿಡ್ರಿ!" ಎಂದು ನಕ್ಕಳು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಆಮೇಲೆ ಬಂದಾಗೆಲ್ಲ ಜೀರಿಗೆ ನೀರೆಂದು ಹೇಳಿ ಫ್ಲಾಸ್ಕ್ ತರುತ್ತಿದ್ದಳು. ನಾನು ಸ್ನಾನಕ್ಕೆ ಹೋದಾಗ ಅಣ್ಣನಿಗೆ ಕಷಾಯ ಕುಡಿಸುತ್ತಿದ್ದಳು. ತಂಗಿಗೆ ಇಲ್ಲವೆನ್ನಲು ಬಾರದ ಮನುಷ್ಯ, ಕುಡಿಯುತ್ತಿದ್ದರು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದ್ದು ಕಂಡಾಗ ಡಾಕ್ಟರು, ನಾಟಿ ಔಷಧವೇನಾದರೂ ಕೊಟ್ಟಿರಾ ಎಂದು ಕೇಳಿದರು. ಯಜಮಾನರು ತಲೆ ತಗ್ಗಿಸಿ ಎಲ್ಲ ಹೇಳಿದರು. ರಿಜೆಕ್ಷನ್, ಎಂದರು ಡಾಕ್ಟರು.

"ಒಳ್ಳೇದಾಗ್ಲಿ ಅಂತ ಕೊಟ್ಟೆ ವೈನಿ," ಎಂದು ಅತ್ತಳು.

"ನಾನೂ ಹಂಗ ಅಂತನ ಹೊಟ್ಟಿ ಕೊಯ್ಸಿಕೊಂಡಿದ್ದೆ."

ನನ್ನ ಕಿಡ್ನಿ ಉಳಿಯಲಿಲ್ಲ. ಮತ್ತೆ ಡಯಾಲಿಸಿಸ್. ಫರ್ಗಿವ್‌ನೆಸ್ ಎಂಬುದನ್ನು ಕಾನ್ವೆಂಟಿನ ಸಿಸ್ಟರ್‌ಗಳು ಬಹಳ ಚೆಂದ ಕಲಿಸಿದ್ದರು. ಸ್ಪೆಲಿಂಗ್ ಮಾತ್ರ ನೆನಪಿದೆ.

ಆಸ್ಪತ್ರೆಯಲ್ಲಿ ರೋಗಿಯ ಬಳಿ ಹೋಗಲು ಒಂದೇ ಪಾಸು. ಅದು ನನ್ನ ಪರ್ಸಿನಲ್ಲಿರುತ್ತಿತ್ತು. ತಂಗಿ ಬಂದಳೇ ಎಂದು ಯಜಮಾನರು ಕೇಳುವರು. ಅವಳು ಕೆಳಗೇ ಕುಳಿತಿರುತ್ತಿದ್ದಳು. ಇಲ್ಲ, ಎನ್ನುತ್ತಿದ್ದೆ. ಅವರು ಗೋಡೆಯ ಕಡೆ ಹೊರಳುತ್ತಿದ್ದರು. ನೋಯಲಿ ಎನಿಸುತ್ತಿತ್ತು. ಕುಡಿದವರು ಅವರೂ ತಾನೇ?

ಅವರು ತೀರಿಹೋದಾಗಲೂ ಅವಳಿಗೆ ನಾನು ಹೇಳಿಕಳಿಸಲಿಲ್ಲ. ಯಾರಿಂದಲೋ ತಿಳಿದು ಫೋನ್ ಮಾಡಿದಳು, ಎತ್ತಲಿಲ್ಲ.

ನಾನವಳನ್ನು ಕಡೆಯ ಬಾರಿ ಕಂಡದ್ದು ಅವರು ಹೋಗುವ ಹಿಂದಿನ ದಿನ, ಆಸ್ಪತ್ರೆಯ ಲಿಫ್ಟಿನೆದುರು.

"ವೈನಿ, ಐದು ನಿಮಿಷ ಪಾಸ್ ಕೊಡ್ರಿ. ಮುಖ ಅಷ್ಟ ನೋಡಿ ಬರ್ತೀನಿ."

ನಾನು ಒಳಗೆ ಹೋಗಿ ಬಟನ್ ಒತ್ತಿದೆ. ಬಾಗಿಲು ಕೂಡುವವರೆಗೂ ಅವಳು ಚಾಚಿದ ಕೈ ಇಳಿಸಲಿಲ್ಲ.